ಗಂಟೆ ಬಿಚ್ಚಿದ ಹಿಂಡು

ಬೈಲಹೊಂಗಲ

ನಾನು ಹಿಮದ ನಾಡಿಗೆ ಹೋಗಿ ಬಂದ ಸುದ್ದಿ ನನಗಿಂತ ಮೊದಲೇ ಬೈಲಹೊಂಗಲ ಮುಟ್ಟಿತ್ತು. ಅರಳೆ ಪೇಟೆಯಲ್ಲಿ ಚಕ್ಕಡಿಯಿಂದ ಇಳಿಯುವಷ್ಟರಲ್ಲಿ ಜನ ಸುತ್ತುಗಟ್ಟಿದರು. ಲಂಡನ್ ಪಟ್ಟಣ ಹೇಗಿದೆ, ಬಾದಶಹರ ಅರಮನೆ ಹೇಗಿದೆ ಎಂದು ಒಬ್ಬರೂ ಕೇಳಲಿಲ್ಲ.

“ಏನ್ರಿ ಡಾಕ್ಟರ, ಅಲ್ಲಿ ಉಗುಳಿದ್ರ ನೆಲಕ್ಕ ಬೀಳೂದ್ರಾಗ ಕಲ್ಲ ಆಕ್ಕೈತೆಂತ. ಖರೇನ?” ಎಂದು ಅಡತಿ ಅಂಗಡಿಯ ಚನ್ನಪ್ಪಕಾಕಾ ಕೇಳಿದರು.

“ನಾ ಉಗುಳಿ ನೋಡಲಿಲ್ರಿ ಕಾಕಾ.”

“ಸಮುದ್ರ ದಾಟಿ ಹೋಗಿ ಅಷ್ಟೂ ನೋಡದ ಬಂದ್ರಿ? ಹೋಗಿದ್ದು ದಂಡ ಆತ ಬಿಡ್ರಿ!”

ಎಲ್ಲರೂ ನಕ್ಕರು. ಅರಳೆಯ ಅಂಡಿಗೆಯ ಮೇಲೆ ಕುಳಿತಿದ್ದ ಸಾಲಹಳ್ಳಿಯ ಒಬ್ಬ ಮುದುಕ ಮಾತ್ರ ನಗಲಿಲ್ಲ. “ಅದಿರ್ಲಿರಿ. ನೆಲ ಎಲ್ಲಾ ಬರ್ಫ ಮುಚ್ಚಿದ ಮ್ಯಾಲ ಅಲ್ಲಿ ದನ ಏನ ತಿಂತಾವ?” ಎಂದ.

ಕೇಳಬೇಕಾದ ಪ್ರಶ್ನೆ ಅದೊಂದೇ. ಪೇಟೆಯಲ್ಲಿ ನಿಂತು ಅದಕ್ಕೆ ಉತ್ತರ ಹೇಳಲು ನನ್ನಿಂದ ಆಗಲಿಲ್ಲ. ಬಾಯಿ ತೆರೆದೆ, ಕಂಡದ್ದೆಲ್ಲ ಒಮ್ಮೆಲೇ ಕಣ್ಣಿಗೆ ಬಂತು. ಆದ್ದರಿಂದ ಬರೆಯುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡೆ ಎನ್ನುತ್ತೇನೆ, ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ, ತಿಳಿಯದ್ದನ್ನು ತಿಳಿಯದು ಎನ್ನುತ್ತೇನೆ.

ಓದುವವರಿಗೆ ಇಷ್ಟು ಗೊತ್ತಿದ್ದರೆ ಸಾಕು. ನಾನು ಕಟಕೋಳದ ಒಕ್ಕಲುತನದ ಮನೆಯವನು. ಮುಂಬಯಿಯಲ್ಲಿ ದನದ ವೈದ್ಯ ಕಲಿತು, ಮುಂದಿನ ಓದಿಗೆ ಸ್ಕಾಟ್ಲಂಡಿಗೆ ಹೋಗಿದ್ದೆ. ಅಲ್ಲಿ ನನ್ನ ಕೋಣೆಯ ಜೊತೆಗಾರ ರಾಮದುರ್ಗದ ರಾಘು, ವೈದಿಕರ ಮನೆತನದವನು, ಮನುಷ್ಯರ ವೈದ್ಯ ಕಲಿಯುತ್ತಿದ್ದ. ನನ್ನ ತರಗತಿಯಲ್ಲಿ ಉಲಾಫ ಎಂಬ ನಾರ್ವೆ ದೇಶದವನಿದ್ದ. ಅವನ ತಂದೆ ಆ ದೇಶದ ಉತ್ತರದ ಕೊನೆಯ ಬಂದರಿನಲ್ಲಿ ವೈದ್ಯರು. ಹುಲ್ಲೇ ಇಲ್ಲದ ಕಡೆ ಬದುಕುವ ಹಿಮಸಾರಂಗದ ಮಾತನ್ನು ಉಲಾಫ ಬಹಳ ಸಲ ಹೇಳುತ್ತಿದ್ದ, ನಾನು ನಂಬುತ್ತಿರಲಿಲ್ಲ. ಪರೀಕ್ಷೆ ಮುಗಿದ ಮೇಲೆ, “ಬಂದು ನೋಡಿ ಆಮೇಲೆ ಜಗಳ ಮಾಡು” ಎಂದ. ಹೀಗೆ ಮೂವರೂ ಹೊರಟೆವು.

ಆಲ್ತಾ ಬಂದರು

ಹಡಗಿನಿಂದ ಇಳಿದಾಗ ನಡುಹಗಲು. ಸೂರ್ಯ ಗುಡ್ಡದ ಅಂಚಿನಲ್ಲಿ ಕೆಂಪಗೆ ಇಣುಕಿ, ನಾವು ಪೆಟ್ಟಿಗೆಗಳನ್ನು ಇಳಿಸಿಕೊಳ್ಳುವುದರೊಳಗೆ ತಿರುಗಿ ಹೋಗಿಬಿಟ್ಟ. ಎರಡು ತಿಂಗಳು ಆತ ಮುಖವನ್ನೇ ತೋರಿಸಿರಲಿಲ್ಲವಂತೆ. ಇಷ್ಟು ಬಂದದ್ದಕ್ಕೇ ಉಲಾಫನ ಮನೆಯಲ್ಲಿ ಹಬ್ಬದ ಸಡಗರವಿತ್ತು.

ಉಲಾಫನ ತಾಯಿ ನಮ್ಮಿಬ್ಬರ ಉಣ್ಣೆಯ ಕೋಟುಗಳನ್ನು ಬೆರಳಿನಿಂದ ಹಿಡಿದು ನೋಡಿ, ನೆಲ ಒರೆಸುವ ಅರಿವೆಯನ್ನು ಇಡುವಂತೆ ಮೂಲೆಗೆ ಇಟ್ಟರು. ಹಿಮಸಾರಂಗದ ಚರ್ಮದ ನಿಲುವಂಗಿ ಬಂತು. ಕೂದಲು ಹೊರಗೆ. ಅದೇ ಪ್ರಾಣಿಯ ಕಾಲಿನ ಚರ್ಮದಿಂದ ಹೊಲಿದ ಜೋಡುಗಳು ಬಂದವು. ಆ ಜೋಡಿನೊಳಗೆ ಕಾಲುಚೀಲವಿಲ್ಲ. ಒಣಹುಲ್ಲನ್ನು ಬಡಿದು ಮೆತ್ತಗೆ ಮಾಡಿ ತುಂಬುತ್ತಾರೆ.

ರಾಘು ಅವನ್ನು ದಿಟ್ಟಿಸಿ ನೋಡಿದ. “ಲೇ ಬಸ್ಯಾ, ಮೈಮ್ಯಾಲೆ ಸತ್ತ ಪ್ರಾಣಿ ಚರ್ಮ, ಕಾಲಾಗ ದನದ ಮೇವು. ಇದನ್ನ ನಮ್ಮಪ್ಪ ನೋಡಿದ್ರ ಜೀವಂತ ಇದ್ದಾಗನ ನನ್ನ ಶ್ರಾದ್ಧ ಮಾಡ್ತಾನ.”

“ಹಾಕ್ಕೊಳ್ಳದಿದ್ರ ಖರೇನ ಮಾಡಬೇಕಾಕ್ಕೈತಿ. ಹಾಕ್ಕೋ.”

ಅವನು ಕ್ಷಣ ಯೋಚಿಸಿದ. “ಮುಂಜಿವ್ಯಾಗ ಕೃಷ್ಣಾಜಿನ ಹಾಕಿದ್ರು. ಇದು ಅದರ ದೊಡ್ಡಣ್ಣ ಅಂತ ತಿಳಕೊಂಡ್ರ ಆತು,” ಎಂದು ತೋಳು ತೂರಿಸಿದ. ಆಮೇಲೆ ಆರು ವಾರ ಅದನ್ನು ಬಿಚ್ಚಲೇ ಇಲ್ಲ.

ಒಳನಾಡಿನ ಬಯಲಿಗೆ ಹೋಗುವುದು ಒಂದು ವಿಚಿತ್ರ ವಾಹನದ ಮೇಲೆ. ಗಾಲಿಯಿಲ್ಲ. ಅರ್ಧ ಸೀಳಿದ ದೋಣಿಯಂತಿದೆ. ಅದನ್ನು ಒಂದೇ ಹಿಮಸಾರಂಗ ಒಂದೇ ಪಟ್ಟಿಯಿಂದ ಎಳೆಯುತ್ತದೆ. ಹಗ್ಗವೂ ಒಂದೇ, ಅದನ್ನು ನಮ್ಮ ಮುಂಗೈಗೆ ಸುತ್ತುತ್ತಾರೆ. ಚಿಕ್ಕಂದಿನಿಂದ ಚಕ್ಕಡಿ ಹೊಡೆದವನು ನಾನು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದೆ. ಹೊರಟ ಕೂಡಲೆ ಇಳಿಜಾರು ಬಂತು. ಎತ್ತಿಗೆ ಅನ್ನುವಂತೆ “ಹೋ, ಹೋ” ಎಂದೆ. ಅದು ಇನ್ನಷ್ಟು ಓಡಿತು. ದೋಣಿ ಮಗುಚಿತು. ಹಗ್ಗ ಕೈಗೆ ಸುತ್ತಿದ್ದರಿಂದ ನಾನು ಹೊಟ್ಟೆಯ ಮೇಲೆ ಉಳುಮೆಯ ರಂಟೆಯಂತೆ ಹಿಮವನ್ನು ಸೀಳುತ್ತ ಹೋದೆ. ಆ ಪ್ರಾಣಿ ತಾನಾಗಿ ನಿಂತು, ತಿರುಗಿ, ನನ್ನ ಮುಖವನ್ನು ಮೂಸಿ ನೋಡಿತು. ರಾಘು ಕಣ್ಣು ಮುಚ್ಚಿ ಏನೋ ಜಪಿಸುತ್ತ ಸುಮ್ಮನೆ ಕುಳಿತಿದ್ದವನು ಸುಖವಾಗಿ ಬಂದು ಪಕ್ಕದಲ್ಲಿ ನಿಂತ.

“ಕಟಕೋಳದ ಚಕ್ಕಡಿ ಇಷ್ಟ ಜೋರ ಓಡ್ತದ ಅಂತ ಗೊತ್ತಿರಲಿಲ್ಲಪಾ ನನಗ,” ಎಂದ.

ಬಿದ್ದಲ್ಲಿಂದಲೇ ನಾನು ಮೊದಲನೆಯ ಸಂಗತಿಯನ್ನು ಕಂಡೆ. ಅದರ ಮೂಗು ನಮ್ಮ ದನದ ಮೂಗಿನಂತೆ ಬರಿಯ ಹಸಿ ಚರ್ಮವಲ್ಲ, ತುಟಿಯವರೆಗೆ ಕೂದಲಿದೆ. ನನ್ನ ಉಸಿರು ಮೋಡದಂತೆ ಹೊರಡುತ್ತಿತ್ತು, ಅದರ ಉಸಿರು ಕಾಣುತ್ತಲೇ ಇರಲಿಲ್ಲ. ಹೊರಗಿನ ಗಾಳಿಯನ್ನು ಮೂಗಿನ ಸುರುಳಿಗಳಲ್ಲಿ ಕಾಯಿಸಿ ಒಳಗೆ ಬಿಡುತ್ತದೆ, ಹೋಗುವ ಉಸಿರಿನ ಬಿಸಿಯನ್ನು ಅಲ್ಲಿಯೇ ತಡೆದು ಇಟ್ಟುಕೊಳ್ಳುತ್ತದೆ. ಜಿಪುಣನ ಮನೆಯಂತೆ, ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ.

ಕೌತೊಕೈನೊದ ಬಯಲು

ಆ ಬಯಲಿನಲ್ಲಿ ಹಿಮಸಾರಂಗ ಸಾಕುವ ಜನರನ್ನು ನಾರ್ವೆಯವರು ಲಾಪರು ಎನ್ನುತ್ತಾರೆ. ಅವರು ತಮ್ಮನ್ನು ಸಾಮಿ ಎಂದು ಹೇಳಿಕೊಳ್ಳುತ್ತಾರೆ; ನಾನೂ ಹಾಗೆಯೇ ಬರೆಯುತ್ತೇನೆ. ಉಲಾಫ ನಮ್ಮನ್ನು ಕರೆದುಕೊಂಡು ಹೋದದ್ದು ತನ್ನ ತಂದೆಯ ಪರಿಚಯದ ಒಬ್ಬ ವಿಧವೆಯ ಗುಡಾರಕ್ಕೆ. ಆಕೆಯ ಹೆಸರು ಮಾರಿತ್. ನಡುವಯಸ್ಸು ದಾಟಿದವಳು, ಗಿಡ್ಡ, ನಡಿಗೆ ಮಾತ್ರ ಗಾಳಿಯಂತೆ. ಜೊತೆಗೆ ತೀರಿಹೋದ ಗಂಡನ ತಮ್ಮ ಆಂತೆ ಇದ್ದ. ಆ ಜನರಲ್ಲಿ ಹಿಂಡು ಒಂದೇ ಇದ್ದರೂ ಪ್ರತಿಯೊಬ್ಬರ ಪ್ರಾಣಿಗಳು ಬೇರೆ. ಕರುವಿನ ಕಿವಿಯನ್ನು ಚಾಕುವಿನಿಂದ ತಮ್ಮ ತಮ್ಮ ಗುರುತಿನಂತೆ ಕೊಯ್ದಿರುತ್ತಾರೆ. ಹೆಂಗಸಿಗೂ ಸ್ವಂತ ಗುರುತು ಇರುತ್ತದೆ. ಇಲ್ಲಿ ಹಿಂಡಿನ ದೊಡ್ಡ ಪಾಲು ಮಾರಿತಳದು, ಚಿಕ್ಕ ಪಾಲು ಆಂತೆಯದು.

ಅವರ ಮಾತನ್ನು ಉಲಾಫ ಇಂಗ್ಲಿಷಿನಲ್ಲಿ ತಿಳಿಸುತ್ತಿದ್ದ. ಅದನ್ನು ಆ ಕ್ಷಣವೇ ನಮ್ಮ ಮಾತಿಗೆ ತಿರುಗಿಸಿ ಹೇಳುವುದು ರಾಘುವಿನ ಚಟ. ಆದ್ದರಿಂದ ನನ್ನ ನೆನಪಿನಲ್ಲಿ ಆಕೆ ಮಾರಿತಬಾಯಿ, ಆಂತೆ ಅತ್ತಿಗೆಯಾದ ಆಕೆಯನ್ನು ಕರೆಯುವುದು ವೈನಿ ಎಂದು, ಇಬ್ಬರೂ ಆಡುವುದು ರಾಮದುರ್ಗದ ಬ್ರಾಹ್ಮಣರ ಓಣಿಯ ಮಾತು. ಹಾಗೆಯೇ ಬರೆಯುತ್ತೇನೆ; ಬೇರೆ ಬಗೆಯಲ್ಲಿ ಬರೆದರೆ ಸುಳ್ಳಾದೀತು.

ನಾವು ಮಾಂಸ ತಿನ್ನುವುದಿಲ್ಲವೆಂದು ಕೇಳಿ ಮಾರಿತಬಾಯಿಗೆ ನಮ್ಮ ಮೇಲೆ ಕನಿಕರ ಹುಟ್ಟಿತು. “ಏನ ರೋಗ ಪಾಪ?” ಎಂದಳು. ಆದರೂ ಒಲೆಯ ಕಲ್ಲಿನ ಮೇಲೆ ಜವೆಗೋದಿಯ ದಪ್ಪ ರೊಟ್ಟಿ ಸುಟ್ಟು, ಬೆಣ್ಣೆ ಇಟ್ಟು ಕೊಟ್ಟಳು. ಕಾಫಿಯಲ್ಲಿ ಹಾಲು ಒಡೆಸಿ ಮಾಡಿದ ಗಿಣ್ಣದಂಥ ಗಟ್ಟಿ ತುಂಡುಗಳನ್ನು ಹಾಕಿದಳು. ಅವು ನೆನೆದು ರಬ್ಬರಿನಂತೆ ಹಲ್ಲಿಗೆ ಕಿರುಗುಟ್ಟುತ್ತವೆ. ರೊಟ್ಟಿ ಕಂಡ ರಾಘುವಿನ ಕಣ್ಣು ತುಂಬಿತು. “ಚಟ್ನಿ ಒಂದ ಕಡಿಮಿ,” ಎಂದ.

ಹೊಟ್ಟೆ ತುಂಬಿದ ಮೇಲೆ ಸೌಜನ್ಯಕ್ಕೆಂದು ಅವನು ಆಂತೆಯನ್ನು ಕೇಳಿದ, “ಒಟ್ಟು ಎಷ್ಟ ಪ್ರಾಣಿ ಅವ ನಿಮ್ಮವು?” ಉಲಾಫ ಅದನ್ನು ತಿಳಿಸಲು ಹಿಂದೆಮುಂದೆ ನೋಡಿದ. ತಿಳಿಸಿದ ಮೇಲೆ ಗುಡಾರ ತಣ್ಣಗಾಯಿತು. ಆಂತೆ ಪೈಪು ಬಾಯಿಂದ ತೆಗೆದು, “ಮೊದಲ ನಿಮ್ಮ ಟ್ರಂಕ ತೆಗದು ಒಳಗ ಎಷ್ಟು ಅದ ತೋರಸರಿ. ಆಮ್ಯಾಲೆ ಹೇಳತೀನಿ,” ಎಂದ. ಅಲ್ಲಿ ಅದು ಕೇಳಬಾರದ ಮಾತು. ನಮ್ಮ ಕಡೆ ಎಮ್ಮೆ ಎಷ್ಟು ಸೇರು ಹಿಂಡುತ್ತದೆಂದು ನೆರೆಯವರಿಗೆ ಯಾರು ಹೇಳುತ್ತಾರೆ? ದೃಷ್ಟಿಯ ಭಯ ಎಲ್ಲ ಕಡೆಯೂ ಒಂದೇ.

ರಾಘುವಿಗೆ ಇನ್ನೊಂದು ಸಂಕಟ ಕಾದಿತ್ತು. ಜಲಬಾಧೆಗೆಂದು ಹೊರಗೆ ಹೋದವನು ಕೂಗುತ್ತ ಒಳಗೆ ಓಡಿ ಬಂದ. ಹಿಂದೆ ನಾಲ್ಕೈದು ಹಿಮಸಾರಂಗಗಳು. ಹಿಮದ ನಾಡಿನಲ್ಲಿ ಅವುಗಳಿಗೆ ಉಪ್ಪು ಸಿಗದು. ಮನುಷ್ಯ ಕುಳಿತನೆಂದರೆ ಉಪ್ಪು ಬಂತೆಂದು ಅವುಗಳಿಗೆ ಗೊತ್ತು. ಮಾರಿತಬಾಯಿ ನಕ್ಕು ನಕ್ಕು ಕೆಮ್ಮಿದಳು. ಕೋಲು ಹಿಡಿಯದೆ ಹೊರಗೆ ಹೋಗಬೇಡವೆಂದು ಮೊದಲೇ ಹೇಳುವುದನ್ನು ಮರೆತಿದ್ದಳಂತೆ.

ಇನ್ನು ನಾನು ಕಂಡದ್ದು. ಅವುಗಳ ಬೆನ್ನ ಮೇಲೆ ಬಿದ್ದ ಹಿಮ ಕರಗುವುದೇ ಇಲ್ಲ. ಒಂದು ಕೂದಲನ್ನು ಕಿತ್ತು ಸೂಕ್ಷ್ಮದರ್ಶಕ ಗಾಜಿನಲ್ಲಿ ನೋಡಿದೆ: ಒಳಗೆಲ್ಲ ಟೊಳ್ಳು, ಗಾಳಿ ತುಂಬಿದ ಗೂಡುಗಳು. ಕೆಳಗೆ ಇನ್ನೊಂದು ಪದರು ಮೆತ್ತನೆಯ ಉಣ್ಣೆ. ಮೈಯ ಬಿಸಿ ಹೊರಗಿನ ಹಿಮಕ್ಕೆ ಮುಟ್ಟದಿದ್ದರೆ ಅದು ಕರಗುವುದಾದರೂ ಹೇಗೆ? ಜ್ವರ ನೋಡುವ ನಳಿಕೆಯನ್ನು ತೊಡೆಯ ಸಂದಿಯಲ್ಲಿ ಇಟ್ಟೆ. ನಮ್ಮ ದನದಷ್ಟೇ ಬಿಸಿ. ಗೊರಸಿನ ಸಂದಿಯಲ್ಲಿ ಇಟ್ಟೆ. ಸತ್ತ ಪ್ರಾಣಿಯಷ್ಟು ತಣ್ಣಗೆ. ಆದರೆ ಕಾಲು ಸತ್ತಿಲ್ಲ, ಓಡುತ್ತಿದೆ. ಬಿಸಿಯನ್ನು ಕಾಲಿಗೆ ಕಳಿಸಿ ಹಾಳು ಮಾಡುವುದಿಲ್ಲ ಅದು. ನಡೆದಾಗ ಕಾಲಿನ ಸ್ನಾಯುರಜ್ಜು ಮೂಳೆಯ ಮೇಲೆ ಜಾರಿ ಚಿಟಿಕೆ ಹೊಡೆದಂತೆ ಸಪ್ಪಳವಾಗುತ್ತದೆ. ಹಿಮದ ಬಿರುಗಾಳಿಯಲ್ಲಿ ಕಣ್ಣು ಕಾಣದಾಗ ಆ ಸಪ್ಪಳದ ಮೇಲೆಯೇ ಹಿಂಡು ಒಟ್ಟಿಗೆ ಇರುತ್ತದೆಂದು ಆಂತೆ ಹೇಳಿದ. ಇದು ಕೇಳಿದ್ದು.

ಮೇವು ಯಾವುದು? ಮಾರಿತಬಾಯಿ ಹಿಮವನ್ನು ಸೊಂಟದವರೆಗೆ ಅಗೆದು, ನೆಲಕ್ಕೆ ಅಂಟಿದ ಬಿಳಿಯ ಒಣ ಗೊಂಚಲೊಂದನ್ನು ಕಿತ್ತು ನನ್ನ ಅಂಗೈಯಲ್ಲಿ ಇಟ್ಟಳು. ರಾಘು ಮೂಸಿ ನೋಡಿ ಚೀರಿದ, “ಬಸ್ಯಾ! ಇದು ನಮ್ಮ ಅವ್ವನ ಮಸಾಲಿ ಡಬ್ಬಿದು! ದಗಡಹೂವಿನ ತಂಗಿ!” ಅವನು ಹೇಳಿದ್ದು ಸರಿ. ನಮ್ಮ ಸಾರಿನ ಪುಡಿಗೆ ಹಾಕುವ ಕಲ್ಲುಹೂವಿನ ಜಾತಿಯದೇ ಅದು. ನಾವು ಚಿಟಿಕೆ ಹಾಕಿ ಘಮಘಮ ಎನ್ನುವುದನ್ನು ತಿಂದೇ ಆ ಪ್ರಾಣಿ ಚಳಿಗಾಲವನ್ನು ಕಳೆಯುತ್ತದೆ. ಆಳದ ಹಿಮದ ಮೇಲೆ ನಿಂತು ಕೆಳಗಿನ ವಾಸನೆ ಹಿಡಿಯುತ್ತದೆ. ಬೇಸಿಗೆಯಲ್ಲಿ ಮೆತ್ತಗಿರುವ ಅದರ ಗೊರಸಿನ ಅಂಗಾಲು ಚಳಿಗಾಲಕ್ಕೆ ಒಳಗೆ ಸೇದಿಕೊಂಡು, ಅಂಚು ಗುದ್ದಲಿಯಂತೆ ಹರಿತವಾಗಿರುತ್ತದೆ. ಆ ಗುದ್ದಲಿಯಿಂದ ಗುಂಡಿ ಕೆದರಿ, ಗುಂಡಿಯಲ್ಲಿ ತಲೆಯಿಟ್ಟು ಮೇಯುತ್ತದೆ.

ಗುಂಡಿಗಾಗಿ ಜಗಳ ಆಗುತ್ತಲೇ ಇರುತ್ತದೆ. ಅದರಲ್ಲಿ ಗೆಲ್ಲುವವರು ಯಾರು? ಎತ್ತರದ, ಕತ್ತು ದಪ್ಪದ ಗಂಡುಗಳಲ್ಲ. ಗಂಡುಗಳ ಕೋಡು ಚಳಿಗಾಲದ ಮೊದಲಿಗೇ ಉದುರಿ ಹೋಗಿರುತ್ತದೆ. ಬಸುರಾದ ಹೆಣ್ಣುಗಳು ಮಾತ್ರ ಕರು ಹಾಕುವವರೆಗೆ ಕೋಡು ಉಳಿಸಿಕೊಂಡಿರುತ್ತವೆ. ಗಂಡು ಕಷ್ಟಪಟ್ಟು ಕೆದರಿದ ಗುಂಡಿಗೆ ಹೆಣ್ಣು ಬಂದು ತಲೆ ತಗ್ಗಿಸಿದರೆ ಸಾಕು, ಅದು ಎದ್ದು ದಾರಿ ಬಿಡುತ್ತದೆ.

“ನಮ್ಮ ಮನ್ಯಾಗೂ ಹಿಂಗ ಅದ,” ಎಂದ ಆಂತೆ, ವೈನಿಯ ಕಡೆ ನೋಡಿ.

ಮಳೆ ಬಂದ ದಿನ

ಒಂದು ದಿನ ಸಮುದ್ರದ ಕಡೆಯಿಂದ ಬೆಚ್ಚನೆಯ ಗಾಳಿ ಬೀಸಿತು. ಮುಗಿಲು ಕೆಳಗೆ ಇಳಿಯಿತು. ಮಧ್ಯಾಹ್ನ ಗುಡಾರದ ಮೇಲೆ ಟಪಟಪ ಸಪ್ಪಳ. ರಾಘು ಹೊರಗೆ ಹಾರಿ ಟೊಪ್ಪಿಗೆ ತೆಗೆದು ಮುಖ ಮೇಲೆ ಮಾಡಿ ನಿಂತ. ನಾನೂ ಹೋದೆ. ಎಷ್ಟು ವಾರಗಳಿಗೆ ಮಳೆ! ನಮ್ಮ ಕಡೆಯವರ ರಕ್ತವೇ ಅಂಥದು, ಮಳೆಹನಿ ಮೈಗೆ ಬಿದ್ದರೆ ಹಿಗ್ಗುತ್ತದೆ. ರಾಘು ಗುಡಾರದೊಳಗೆ ತಲೆ ಹಾಕಿ, ಶುಭವಾರ್ತೆ ಹೇಳುವವನಂತೆ, “ಬಾಯಾರ, ಮಳಿ ಬಂತು! ಛಲೋ ಆತು!” ಎಂದ.

ಉಲಾಫ ಅದನ್ನು ತಿಳಿಸಲಿಲ್ಲ. ಮಾರಿತಬಾಯಿ ಒಲೆಯ ಮುಂದೆ ಕೈ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು. ಆಕೆ ಸುಮ್ಮನೆ ಕುಳಿತದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಂತೆ ಬೆನ್ನು ತಿರುಗಿಸಿ ಮಲಗಿದ್ದ. ನಾವಿಬ್ಬರೂ ತೊಯ್ದ ತಲೆಯಲ್ಲಿ ಬಾಗಿಲಲ್ಲಿ ನಿಂತೆವು. ಯಾರೋ ಸತ್ತ ಮನೆಗೆ ಪೇಡೆ ಹಂಚಲು ಬಂದವರಂತೆ ಆಯಿತು ನಮ್ಮ ಸ್ಥಿತಿ.

ಏಕೆಂದು ಮರುದಿನ ತಿಳಿಯಿತು. ಗಾಳಿ ತಿರುಗಿತ್ತು, ಮುಗಿಲು ತೊಳೆದಂತಿತ್ತು, ಚಳಿ ಮತ್ತೆ ಬಂದಿತ್ತು. ಹಿಮ ಕುಡಿದ ಮಳೆಯ ನೀರೆಲ್ಲ ಗಟ್ಟಿಯಾಗಿ, ಬಯಲು ಕಣ್ಣು ಮುಟ್ಟುವವರೆಗೆ ಗಾಜಿನ ಪರಾತದಂತೆ ಹೊಳೆಯುತ್ತಿತ್ತು. ಅಷ್ಟು ಅಂದದ ನೋಟವನ್ನು ನಾನು ಮತ್ತೆಲ್ಲಿಯೂ ಕಂಡಿಲ್ಲ. ಅದರ ಮೇಲೆ ಹಿಂಡು ನಿಂತಿತ್ತು. ಕೆದರುತ್ತಿದ್ದವು. ಗೊರಸು ಜಾರುತ್ತಿತ್ತು, ಅಷ್ಟೆ. ಮೇವಿನ ವಾಸನೆಯೂ ಆ ಪದರಿನ ಕೆಳಗೆ ಸಿಕ್ಕಿಕೊಂಡಿತ್ತೋ ಏನೋ, ಒಂದು ಕಡೆ ಮೂಗು ಇಡುವವು, ಮುಂದೆ ಹೋಗುವವು, ಮತ್ತೆ ಇಡುವವು. ಕೆಲವು ಗೊರಸಿನ ಮೇಲಿನ ಚರ್ಮ ಸೀಳಿ ನೀರ್ಗಲ್ಲಿನ ಮೇಲೆ ಕೆಂಪು ಗುರುತು ಬಿಟ್ಟಿದ್ದವು. ಮಾರಿತಬಾಯಿ ಕೊಡಲಿಯಿಂದ ಒಡೆದು ನೋಡಿದಳು. ಪದರು ನೆಲದವರೆಗೆ ಇಳಿದು ಮೇವನ್ನೇ ಕಚ್ಚಿಕೊಂಡಿತ್ತು.

ಕೆಲವು ದಿನಗಳಲ್ಲಿ ಒಂದು ದೊಡ್ಡ ಗಂಡು ಬಿದ್ದು ಸತ್ತಿತು. ನಾನು ಅದನ್ನು ಕೊಯ್ದು ನೋಡಿದೆ. ಬೆನ್ನಿನ ಕೊಬ್ಬು ತೀರಿತ್ತು. ಕಣ್ಣನ್ನೂ ತೆರೆದು ನೋಡಿದೆ. ನಮ್ಮ ದನದ ಕಣ್ಣಿನ ಹಿಂಭಾಗದಲ್ಲಿ ಕಂದೀಲಿನ ಬೆಳಕಿಗೆ ಹಸಿರು-ಬಂಗಾರದ ಹೊಳಪು ಇರುತ್ತದಷ್ಟೆ. ಇದರ ಕಣ್ಣಿನ ತಳ ಕಡುನೀಲಿ. ಬೇಸಿಗೆಯಲ್ಲಿ ಕಡಿದ ಪ್ರಾಣಿಯ ಕಣ್ಣು ಹಳದಿಯಾಗಿರುತ್ತದೆ, ಕತ್ತಲೆಯ ತಿಂಗಳುಗಳಲ್ಲಿ ಹೀಗೆ ಆಗುತ್ತದೆ ಎಂದು ಮಾರಿತಬಾಯಿ ಹೇಳಿದಳು. ಏಕೆಂದು ನನಗೆ ತಿಳಿಯದು. ಯಾವ ಪುಸ್ತಕದಲ್ಲಿಯೂ ನಾನು ಅದನ್ನು ಓದಿಲ್ಲ.

ಗುಡಾರದ ಮುಂದೆ

ಹಿಂಡು ಈಗ ದೂರ ಹೋಗುತ್ತಿರಲಿಲ್ಲ. ಮನುಷ್ಯರು ಏನಾದರೂ ಮಾಡುತ್ತಾರೆಂಬಂತೆ ಗುಡಾರದ ಸುತ್ತ ಬಂದು ನಿಲ್ಲುತ್ತಿತ್ತು. ಆಂತೆ ನದಿಯ ಕಡೆಗೆ ಹೋಗಿ ಬಂದ.

“ವೈನಿ, ನದೀ ದಂಡಿ ಒಕ್ಕಲಿಗರ ಕಡೆ ಹುಲ್ಲಿನ ಬಣವಿ ಅವ. ಮಾತಾಡಿ ಬಂದೀನಿ. ಎಲ್ಲಾನೂ ಅಲ್ಲಿಗೆ ಹೊಡಿಯೋಣು. ಕಣ್ಣ ಮುಂದ ಇರ್ತಾವ.”

“ಕಣ್ಣ ಮುಂದ ಸಾಯ್ತಾವ,” ಎಂದಳು ಮಾರಿತಬಾಯಿ. “ಬಿಟ್ಟುಬಿಡತೀನಿ. ಎಲ್ಲಿ ಮೇವು ಅದ ಅಂತ ಅವಕ್ಕ ನಮಗಿಂತ ಛಲೋ ಗೊತ್ತು.”

“ಬಿಟ್ಟರ ತೋಳ ತಿಂತಾವ. ಇಲ್ಲಾ ಮಂದಿ ಹಿಂಡಿನಾಗ ಕೂಡತಾವ. ಆಮ್ಯಾಲೆ ಕಿವಿ ನೋಡಕೋತ ಬಯಲೆಲ್ಲಾ ತಿರಗವ್ರು ಯಾರು?”

“ನಾ ತಿರಗತೀನಿ. ದೇವರು ಕಾಲು ಕೊಟ್ಟಾನ.”

“ಅಣ್ಣ ಇದ್ದಿದ್ರ ಹಿಂಗ ಬಿಡತಿರಲಿಲ್ಲ.”

“ನಿಮ್ಮಣ್ಣ ಇದ್ದಿದ್ರ ನಿನ್ನ ಬಾಯಿ ಇಷ್ಟು ನಡೀತಿರಲಿಲ್ಲ,” ಎಂದು ಆಕೆ ನನ್ನ ಕಡೆಗೆ ತಿರುಗಿದಳು. “ತಮ್ಮಾ, ನೀನು ಪ್ರಾಣಿ ವೈದ್ಯ. ಇಷ್ಟ ದಿವಸ ಉಪಾಸ ಇದ್ದದ್ದು, ಬರೇ ಬಿಳಿ ಮೇವು ತಿಂದ ಹೊಟ್ಟಿ. ಅದಕ್ಕ ಒಮ್ಮೆಲೇ ಹುಲ್ಲು ಹಾಕಿದ್ರ ಏನ ಆಗ್ತದ? ಖರೆ ಹೇಳು.”

ಬೇಕೆಂದಾಗ ಉತ್ತರ ಕೊಡುವುದು ನನ್ನ ಕಸುಬು. ಆದರೆ ಆ ಹಿಂಡಿನ ಹೊರತು ಅವರಿಗೆ ಬೇರೆ ಹೊಲವಿಲ್ಲ, ಮನೆಯಿಲ್ಲ. ಊಟ, ಬಟ್ಟೆ, ಗಾಡಿ ಎಲ್ಲ ಅದೇ. ನಾನು ನಿಧಾನವಾಗಿ ಹೇಳಿದೆ: “ನಮ್ಮೂರಾಗ ಕಣದ ರಾಶಿಗೆ ಹಸದ ಎತ್ತು ಬಾಯಿ ಹಾಕಿದ್ದು ನೋಡೇನ್ರಿ. ತಿಂದು ಸಂಜೀಕ ಸತ್ತೈತಿ. ಹುಲ್ಲು ರಾಶಿ ಅಲ್ಲ, ಖರೆ. ಆದ್ರ ಮೆಲಕ ಹಾಕೂ ಪ್ರಾಣಿ ಹೊಟ್ಟಿ ರೂಢಿ ಮ್ಯಾಲ ನಡೀತೈತಿ. ಹೊಸಾ ಮೇವು ಮುಷ್ಟಿ ಮುಷ್ಟಿ ಕೊಟ್ಟು ಕಲಸಬೇಕು, ವಾರಗಟ್ಲೆ. ಇಷ್ಟ ದೊಡ್ಡ ಹಿಂಡಿಗೆ ಅದು ಆಗೂದಿಲ್ಲ. ನನಗ ನಿಮ್ಮ ಮಾತ ಖರೆ ಅನಸತೈತಿ.”

ಆಂತೆ ಕೇಳಿದ, “ನಿಮ್ಮ ಊರಾಗ ಹಿಮಸಾರಂಗ ಅವ ಏನು?”

“ಇಲ್ರಿ.”

“ಹಂಗಾದ್ರ ಬಾಯಿ ಮುಚ್ಚರಿ.”

ರಾಘು ಈ ಮಾತನ್ನು ಮೆತ್ತಗೆ ಮಾಡದೆ ಇದ್ದದ್ದು ಇದ್ದಂತೆ ಹೇಳಿದ. ನಾನು ಬಾಯಿ ಮುಚ್ಚಿದೆ. ನಾನು ಹೇಳದಿದ್ದರೂ ಆಕೆ ಅದನ್ನೇ ಮಾಡುತ್ತಿದ್ದಳೆಂದು ಉಲಾಫ ಆಮೇಲೆ ಸಮಾಧಾನ ಹೇಳಿದ. ಇರಬಹುದು. ಆದರೆ ಆಕೆ ಕೇಳಿದ್ದಳು, ನಾನು ಹೇಳಿದ್ದೆ. ಹಿಂಡು ಹೋದರೆ ನನ್ನ ಮಾತೂ ಅದರ ಜೊತೆ ಹೋಗುವುದಿತ್ತು.

ಆಂತೆ ತನ್ನ ಕಿವಿಗುರುತಿನ ಪ್ರಾಣಿಗಳನ್ನು ಬೇರೆ ಮಾಡಿ, ಹಗ್ಗ ಹಾಕಿ, ನದಿಯ ಕಡೆಗೆ ಹೊಡೆದುಕೊಂಡು ಹೋದ. ಹಿಂದೆ ತಿರುಗಿ ನೋಡಲಿಲ್ಲ.

ಮಾರಿತಬಾಯಿ ಹಿಂಡಿನ ಮುಂದಾಳಾದ, ಬೀಜ ಒಡೆದ ಬಿಳಿಯ ಗಂಡಿನ ಹತ್ತಿರ ಹೋದಳು. ಅದರ ಕೊರಳಲ್ಲಿ ಹಿತ್ತಾಳೆಯ ಗಂಟೆ ಇತ್ತು. ಆ ಗಂಟೆಯ ಸಪ್ಪಳದ ಹಿಂದೆಯೇ ಉಳಿದವು ನಡೆಯುತ್ತವೆ. ಈಗ ಎಲ್ಲವೂ ಒಂದರ ಹಿಂದೆ ಒಂದಾಗಿ ಒಂದೇ ಕಡೆ ಹೋದರೆ ಅಲ್ಲಿ ಸಿಗುವ ಮೇವು ಯಾವುದಕ್ಕೂ ಸಾಲದು. ಆಕೆ ಕೈಗವಸು ತೆಗೆದು, ಬರಿಬೆರಳಿನಿಂದ ಪಟ್ಟಿಯನ್ನು ಸಡಿಲಿಸಿ ಗಂಟೆಯನ್ನು ಬಿಚ್ಚಿದಳು. ಸಪ್ಪಳವಾಗದಂತೆ ನಾಲಗೆಯನ್ನು ಬೆರಳಿನಿಂದ ಹಿಡಿದುಕೊಂಡಿದ್ದಳು.

ಹಿಂಡು ಬಹಳ ಹೊತ್ತು ಹಾಗೆಯೇ ನಿಂತಿತ್ತು. ಆಮೇಲೆ ಒಂದು ಮುದಿ ಹೆಣ್ಣು ಮೂಗನ್ನು ಗಾಳಿಗೆ ಎತ್ತಿ, ಗಾಳಿ ಬರುವ ಕಡೆಗೆ ನಡೆಯಿತು. ಹಿಂದಿನ ವರ್ಷದ ಅದರ ಕರು ಹಿಂದೆ ಹೋಯಿತು. ಇನ್ನು ನಾಲ್ಕು ಬೇರೆ ಕಡೆ ಹೊರಟವು. ಸ್ವಲ್ಪ ಹೊತ್ತಿಗೆ ಬಯಲಿನ ಮೇಲೆ ಎಲ್ಲ ದಿಕ್ಕಿಗೂ ಚುಕ್ಕೆಗಳು. ಆಮೇಲೆ ಅವೂ ಇಲ್ಲ. ಆಕೆ ಗುಡಾರದೊಳಗೆ ಹೋಗಿ ಕಾಫಿಗೆ ನೀರು ಇಟ್ಟಳು.

ಗುಡ್ಡದ ನೆತ್ತಿ

ಎಷ್ಟೋ ದಿನಗಳ ನಂತರ ಹುಡುಕಲು ಹೊರಟೆವು. ಕಾಲಿಗೆ ಉದ್ದನೆಯ ಮರದ ಪಟ್ಟಿ ಕಟ್ಟಿಕೊಂಡು ಜಾರುತ್ತ ಹೋಗುವುದು. ಆಕೆ ಹೋಗುತ್ತಿದ್ದಳು, ನಾವು ಬೀಳುತ್ತಿದ್ದೆವು.

ಗಾಳಿ ಸದಾ ಹೊಡೆಯುವ ಒಂದು ಬೋಳುಗುಡ್ಡದ ನೆತ್ತಿಯ ಮೇಲೆ ಮೊದಲನೆಯ ಗುಂಪು ಸಿಕ್ಕಿತು. ಅಲ್ಲಿ ಮನುಷ್ಯ ನಿಲ್ಲಲಾರ. ಆದರೆ ಆ ಗಾಳಿಯೇ ಮಳೆಗೆ ಮೊದಲು ಹಿಮವನ್ನೆಲ್ಲ ಗುಡಿಸಿ ಒಯ್ದಿತ್ತು. ಮಳೆಯ ನೀರಿಗೆ ಕುಡಿಯಲು ಹಿಮವಿರಲಿಲ್ಲ. ಪದರು ಹಪ್ಪಳದಷ್ಟು ತೆಳ್ಳಗಿತ್ತು. ಗೊರಸಿನಿಂದ ಅದನ್ನು ಒಡೆದು ಮೇಯುತ್ತಿದ್ದವು. ಪಕ್ಕೆಲುಬುಗಳು ಎದ್ದು ಕಾಣುತ್ತಿದ್ದವು. ಬೆನ್ನ ಮೇಲೆ ಹಿಮ ಹಾಗೆಯೇ ಇತ್ತು. ಒಂದು ಕೋಡಿನ ಹೆಣ್ಣು ಗುಂಡಿಯಲ್ಲಿ ತಲೆಯಿಟ್ಟಿತ್ತು, ಅದರ ಗಲ್ಲಕ್ಕೆ ಗಲ್ಲ ಹಚ್ಚಿ ಕರು. ಬೋಳುತಲೆಯ ದೊಡ್ಡ ಗಂಡೊಂದು ಬಂತು. ಆ ಬಡಕಲು ತಾಯಿ ತಲೆಯನ್ನು ಒಮ್ಮೆ ತಿರುಗಿಸಿತು, ಅಷ್ಟೆ. ಗಂಡು ಪಕ್ಕಕ್ಕೆ ಸರಿಯಿತು. ಕರು ತಲೆಯನ್ನೇ ಎತ್ತಲಿಲ್ಲ. ಚಳಿಗಾಲದಲ್ಲಿ ಹೆಣ್ಣಿಗೆ ಕೋಡು ಏಕೆ ಎಂದು ನಾನು ಪುಸ್ತಕದಲ್ಲಿ ಓದಿದ್ದೆ. ಅಂದು ಅರ್ಥವಾಯಿತು. ಕಣ್ಣಿಗೆ ಬಂದ ನೀರು ರೆಪ್ಪೆಯಲ್ಲಿಯೇ ಗಟ್ಟಿಯಾಯಿತು. ರಾಘು ಉಸಿರು ಊದಿ ಕರಗಿಸಿದ. ಅವನದನ್ನು ನಾನು ಕರಗಿಸಿದೆ.

ಇನ್ನೊಂದು ಗುಂಪು ಹಳೆಯ ಪೈನ್ ಮರಗಳ ಕಾಡಿನಲ್ಲಿ ಸಿಕ್ಕಿತು. ಆ ಮರಗಳ ಟೊಂಗೆಗಳಿಂದ ಬೂದುಬಣ್ಣದ ಕಲ್ಲುಹೂವಿನ ಜಾತಿ ಸನ್ಯಾಸಿಯ ಗಡ್ಡದಂತೆ ಇಳಿಬಿದ್ದಿರುತ್ತದೆ. ಕೆಳಗಿನದೆಲ್ಲ ತೀರಿತ್ತು. ಹಿಂಗಾಲಿನ ಮೇಲೆ ನಿಂತು ಮೇಲಿನದಕ್ಕೆ ಕತ್ತು ಚಾಚುತ್ತಿದ್ದವು. ನಾವು ಟೊಂಗೆ ಕಡಿದು ಹಾಕಿದೆವು. ಬೀಳುವ ಮೊದಲೇ ಬಾಯಿ ಹಾಕುತ್ತಿದ್ದವು. ಒಂದು ಕಡೆ ತೋಳ ತಿಂದು ಬಿಟ್ಟ ಎಲುಬುಗಳಿದ್ದವು. ಕಿವಿ ಸಿಗಲಿಲ್ಲವಾದ್ದರಿಂದ ಯಾರದೆಂದು ಹೇಳಲಾಗಲಿಲ್ಲ. ಎಲ್ಲ ಪ್ರಾಣಿಗಳೂ ಉಳಿದವೆಂದು ನಾನು ಬರೆದರೆ ಅದು ಸುಳ್ಳು. ಮಾರಿತಬಾಯಿ ಇದ್ದವುಗಳ ನಡುವೆ ನಿಧಾನವಾಗಿ ನಡೆದು, ಇಲ್ಲದವುಗಳ ಹೆಸರನ್ನು ಒಂದೊಂದಾಗಿ ಹೇಳಿದಳು. ಹೇಳಿ ಮುಗಿಸಲು ಹೊತ್ತು ಹಿಡಿಯಿತು. ಆದರೆ ಹಿಂಡು ಇತ್ತು. ಬಸುರಾದವುಗಳಲ್ಲಿ ಬಹಳಷ್ಟು ಇದ್ದವು.

ನದಿಯ ದಂಡೆ

ಅಲ್ಲಿಂದ ಆಕೆ ನೇರವಾಗಿ ನದಿಗೆ ಇಳಿದಳು. ಆಂತೆ ಬಣವೆಯ ಪಕ್ಕದಲ್ಲಿ ಕುಳಿತಿದ್ದ. ಅವನ ದೋಣಿಗಾಡಿ ಎಳೆಯುವ ಗಂಡುಗಳು ಜೀವಂತವಿದ್ದವು. ಅವು ಮಾಗಿಯ ಮೊದಲಿನಿಂದಲೂ ಒಕ್ಕಲಿಗರ ಹತ್ತಿರ ಆಗಾಗ ಹುಲ್ಲು ತಿಂದು ರೂಢಿಯಾದವು. ಹೆಣ್ಣುಗಳು ಸಾಲಾಗಿ ಮಲಗಿದ್ದವು. ಹೊಟ್ಟೆ ಉಬ್ಬಿದ್ದರಿಂದ ದೂರದಿಂದ ಮೇದು ಮಲಗಿದಂತೆಯೇ ಕಂಡವು.

“ನೋಡರಿ, ವೈದ್ಯರ,” ಎಂದ. ಸಿಟ್ಟಿರಲಿಲ್ಲ. ಚಾಕುವನ್ನು ತಾನೇ ಕೊಟ್ಟ.

ಒಂದರ ಹೊಟ್ಟೆ ಕೊಯ್ದೆ.

“ಏನ ಅದ?”

“ಹುಲ್ಲು.”

“ಹೊಟ್ಟಿ ತುಂಬ?”

“ಹೊಟ್ಟಿ ತುಂಬ ಐತ್ರಿ.” ಹುಲ್ಲು ಅರೆಯದೆ, ಅರಗದೆ, ಹೆಣೆದ ಹಗ್ಗದಂತೆ ಇತ್ತು. ಸತ್ತದ್ದು ಅದೊಂದರಿಂದಲೇ ಎಂದು ನಾನು ಆಣೆ ಮಾಡಿ ಹೇಳಲಾರೆ. ಅವು ಮೊದಲೇ ಬಹಳ ಬಡಕಲಾಗಿದ್ದವು. ಅಷ್ಟನ್ನೇ ಅವನಿಗೂ ಹೇಳಿದೆ.

“ನಾ ಹಾಕಿದ್ದನ್ನ ತಿಂದುವು,” ಎಂದ ಆಂತೆ. “ನನ್ನ ಮುಖಾ ನೋಡಕೋತ ತಿಂದುವು.”

ಮಾರಿತಬಾಯಿ ಅವನ ಪಕ್ಕದಲ್ಲಿ ಕುಳಿತಳು. ನಾನು ಹೇಳಿದ್ದೆನಲ್ಲ ಎಂಬ ಮಾತು ಬಾಯಿಂದ ಬರಲಿಲ್ಲ, ಮುಖದ ಮೇಲೂ ಬರಲಿಲ್ಲ. ಚರ್ಮ ಸುಲಿಯಲು ಚಾಕು ಮಸೆದು ಕೊಟ್ಟಳು. ಎಲ್ಲ ಸುಲಿದಾದ ಮೇಲೆ, “ನಾಳೆ ಹಗ್ಗ ತಗೊಂಡು ಗುಡ್ಡಕ್ಕ ಬಾ,” ಎಂದಳು.

“ಅಲ್ಲಿ ನನ್ನವು ಯಾವೂ ಇಲ್ಲ, ವೈನಿ.”

“ಬಸುರ ಅವ. ಹುಟ್ಟಿದ ಕರುವಿನ ಕಿವಿಗೆ ನಿನ್ನ ಗುರುತು ಕೊಯ್ಯಿ. ತಾಯಿನೂ ನಿನಗ. ಬೇಕಾದ್ದು ಆರಿಸಿಕೋ.”

ಮರುದಿನ ನಡುಹಗಲ ಬೆಳಕಿನಲ್ಲಿ ನಾವೆಲ್ಲ ನೆತ್ತಿಯ ಮೇಲೆ ಇದ್ದೆವು. ಆಂತೆ ಹಗ್ಗದ ಕುಣಿಕೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತು, ಒಂದು ಕೋಡು ಮುರಿದ ಬಡಕಲು ಹೆಣ್ಣಿನ ಮೇಲೆ ಎಸೆಯಲು ಹೋದ.

“ಅದಲ್ಲ! ಕಣ್ಣ ಕಾಣೂದಿಲ್ಲೇನು?” ಎಂದು ಗದರಿ, ಮಾರಿತಬಾಯಿ ಅವನ ಕೈಯಿಂದ ಹಗ್ಗ ಕಸಿದುಕೊಂಡಳು. ಹಿಂಡಿನ ನಡುವೆ ಎರಡು ಕೋಡೂ ಗಟ್ಟಿಯಾಗಿದ್ದ, ಹೊಟ್ಟೆ ಇಳಿದಿದ್ದ ಹೆಣ್ಣೊಂದರ ಮೇಲೆ ತಾನೇ ಎಸೆದಳು. ಕುಣಿಕೆ ಕೋಡಿಗೆ ಬಿತ್ತು. ಹಗ್ಗದ ತುದಿಯನ್ನು ಅವನಿಗೆ ಕೊಟ್ಟಳು.

ಅವನು ಹಗ್ಗ ಸೇದುತ್ತ ಹತ್ತಿರ ಹೋದ. ಮೊಣಕಾಲೂರಿ ಒಂದು ಕೈಯಲ್ಲಿ ಕೋಡು ಹಿಡಿದ, ಇನ್ನೊಂದು ಕೈಯನ್ನು ಅದರ ಹೊಟ್ಟೆಯ ಕೆಳಗೆ ಇಟ್ಟ. ಒಳಗೆ ಅಲುಗಿತೋ ಏನೋ, ಹಾಗೆಯೇ ಕುಳಿತ. ಹಿಡಿದುಕೊಂಡು ಹೋಗುತ್ತಾನೆಂದು ನಾನು ತಿಳಿದಿದ್ದೆ. ಅವನು ಕುಣಿಕೆಯನ್ನು ಸಡಿಲಿಸಿ ಕೋಡಿನಿಂದ ತೆಗೆದು, ಎದ್ದು ಹಿಂದಕ್ಕೆ ಸರಿದ. “ಕರು ಹಾಕೋ ತನಕ ಇಲ್ಲೇ ಮೇಯಲಿ, ವೈನಿ,” ಎಂದ. ಅದು ಓಡಲಿಲ್ಲ. ಮೈ ಜಾಡಿಸಿ, ನಾಲ್ಕು ಹೆಜ್ಜೆ ಹೋಗಿ, ಬಿಟ್ಟು ಬಂದ ಗುಂಡಿಯಲ್ಲಿ ಮತ್ತೆ ತಲೆಯಿಟ್ಟಿತು.